ಗೇಟು ಮುರಿದ ಡ್ರೈವರ್

ಚಿಕ್ಕವನಿದ್ದಾಗ ನಾನು ಒಂದು ಸಂಗತಿಯನ್ನು ಯಾರೂ ಹೇಳಿಕೊಡದೆ ಸ್ವಂತ ಬುದ್ಧಿಯಿಂದಲೇ ಕಂಡುಹಿಡಿದಿದ್ದೆ: ಊರಿಗೆಲ್ಲ ಬೆಂಕಿ ಹಚ್ಚುವವನು ನಮ್ಮ ದೊಡ್ಡಪ್ಪ.

ಸಾಕ್ಷಿ ಬೇಕಾದಷ್ಟಿತ್ತು. ದೊಡ್ಡಪ್ಪ ಒಂದು ಕೆಂಪು ಲಾರಿ ಓಡಿಸುತ್ತಿದ್ದ. ಅದು ಗಂಟೆ ಬಾರಿಸಿಕೊಂಡು ಯಾವ ಬೀದಿಗೆ ಹೋಗಿ ನಿಂತರೂ ಅಲ್ಲಿ ಹೊಗೆ, ಕಿರುಚಾಟ, ರಸ್ತೆಗೆ ಬಂದು ಬಿದ್ದ ಮಂಚ, ಪೆಟ್ಟಿಗೆ. ಲಾರಿ ಹೋಗದ ಬೀದಿಗಳು ತಣ್ಣಗಿರುತ್ತಿದ್ದವು. ಇದಕ್ಕಿಂತ ಇನ್ನೇನು ಬೇಕು? ಮಧ್ಯಾಹ್ನದ ಊಟಕ್ಕೆಂದು ಅವನು ಆ ಲಾರಿಯನ್ನು ನಮ್ಮ ವಠಾರದ ಮುಂದೆಯೇ ತಂದು ನಿಲ್ಲಿಸಿದಾಗಲೆಲ್ಲ, ನಾನು ಓಡಿಹೋಗಿ ಅಡುಗೆಮನೆಯ ಬೆಂಕಿಪೊಟ್ಟಣವನ್ನು ಎತ್ತಿಕೊಂಡು ನೀರಿನ ಹಂಡೆಗೆ ಹಾಕಿ ಮುಚ್ಚಳ ಮುಚ್ಚುತ್ತಿದ್ದೆ.

"ಬೆಂಕಿಪೊಟ್ಟಣ ಎಲ್ಲೋ?" ದೊಡ್ಡಮ್ಮ ಸೌಟು ಹಿಡಿದುಕೊಂಡೇ ಕೇಳುತ್ತಿದ್ದಳು.

"ದೊಡ್ಡಪ್ಪ ಹೋಗಲಿ, ಆಮೇಲೆ ಹೇಳ್ತೀನಿ."

ಊರು ಉಳಿಸಿದ್ದಕ್ಕೆ ನನಗೆ ಸಿಕ್ಕ ಬಹುಮಾನ ಆ ಸೌಟಿನ ಏಟು.

ದೊಡ್ಡವನಾದ ಮೇಲೆ, ಅವನು ಬೆಂಕಿ ಹಚ್ಚುವವನಲ್ಲ, ಆರಿಸುವವನು ಎಂದು ತಿಳಿಯಿತು. ಇನ್ನೂ ದೊಡ್ಡವನಾಗಿ, ನಗರಸಭೆಯಲ್ಲಿ ಕೆಲಸಕ್ಕೆ ಸೇರಿ, ಆ ಇಲಾಖೆಯ ಇತಿಹಾಸ ಬರೆಯಲು ಕೂತಾಗ, ಅದೂ ಅಷ್ಟೇನೂ ನಿಜವಲ್ಲ ಎಂದು ತಿಳಿಯಿತು.

ನನ್ನ ಕೆಲಸದ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಗರಸಭೆ ಕಚೇರಿಯ ಮೂಲೆಯಲ್ಲಿ, ಕಕ್ಕಸಿಗೆ ಹೋಗುವ ದಾರಿಯಲ್ಲಿ, ನನ್ನದೊಂದು ಮೇಜು. ಕುರ್ಚಿ ಖಾಯಂ, ನಾನು ತಾತ್ಕಾಲಿಕ. ವರ್ಷಕ್ಕೊಮ್ಮೆ ನನ್ನನ್ನು ಕೆಲಸದಿಂದ ತೆಗೆದು ಮರುದಿನ ಮತ್ತೆ ಸೇರಿಸಿಕೊಳ್ಳುತ್ತಾರೆ. ನಡುವಿನ ಆ ಒಂದು ದಿನ ನಾನು ಮನೆಯಲ್ಲಿ ಕಾಲು ಚಾಚಿ ಕೂತು, ದೇಶದ ನಿರುದ್ಯೋಗದ ಬಗ್ಗೆ ಅನುಭವಸ್ಥನಂತೆ ಮಾತಾಡುತ್ತೇನೆ. ಕಚೇರಿಯೊಳಗೆ ನಾನು ತಡವರಿಸದೆ ಹೇಳಬಲ್ಲ ಮಾತು ಒಂದೇ: "ಆಗಲಿ ಸಾರ್."

ರೈಲು ಹಳಿಯ ಆಚೆ ಹೊಸ ಅಗ್ನಿಶಾಮಕ ಠಾಣೆ ಕಟ್ಟಿ ಮುಗಿಯುತ್ತ ಬಂದಾಗ ಅಧ್ಯಕ್ಷರು ನನ್ನನ್ನು ಕರೆಸಿದರು.

"ಏನಯ್ಯಾ, ಆ ಹಳೇ ಡ್ರೈವರ್ ಮನೆಯವನು ನೀನೇ ತಾನೆ?"

"ಹೌದು ಸಾರ್. ನಮ್ಮ ದೊಡ್ಡಪ್ಪ."

"ಒಳ್ಳೇದಾಯ್ತು. ಉದ್ಘಾಟನೆಗೆ ಒಂದು ಪುಸ್ತಕ ತರಬೇಕು. ನಮ್ಮ ದಳ ನಡೆದು ಬಂದ ದಾರಿ. ಅವರನ್ನ ಕೂರಿಸಿಕೊಂಡು ಕೇಳಿ ಬರಿ. ಚೆನ್ನಾಗಿರೋ ಇತಿಹಾಸ ಬರಿ."

"ನಡೆದಿದ್ದನ್ನೇ ಬರೀಬೇಕಲ್ವಾ ಸಾರ್..."

"ನಡೆದಿದ್ದರಲ್ಲಿ ಚೆನ್ನಾಗಿರೋದು."

"ಆಗಲಿ ಸಾರ್."

ಚೆನ್ನಾಗಿರುವುದಕ್ಕೆ ನಾನು ದೂರ ಹೋಗಬೇಕಾಗಿರಲಿಲ್ಲ. ನಮ್ಮ ವಠಾರದ ಮುಂದಿನ ಮನೆಯಲ್ಲಿ, ಕಿಟಕಿಯ ಪಕ್ಕ, ಬೆನ್ನಿಗೆರಡು ದಿಂಬು ಕೊಟ್ಟುಕೊಂಡು ದೊಡ್ಡಪ್ಪ ಕೂತಿರುತ್ತಿದ್ದ. ನಿವೃತ್ತನಾಗಿ ಬಹಳ ಕಾಲವಾಗಿದ್ದರೂ ಮೀಸೆ ಮಾತ್ರ ಇನ್ನೂ ಡ್ಯೂಟಿಯ ಮೇಲೆಯೇ ಇತ್ತು. ಕಿಟಕಿಯಾಚೆ ಏರುರಸ್ತೆ, ಏರಿನ ತುದಿಗೆ ಹಳೆಯ ಠಾಣೆ. ಯಾರು ಹೊರಗೆ ಬಂದರು, ಯಾರು ಟೀ ಕುಡಿದು ಇನ್ನೂ ಒಳಗೆ ಹೋಗಿಲ್ಲ, ಎಲ್ಲದರ ವರದಿ ಅವನ ಬಳಿ ಇರುತ್ತಿತ್ತು. ಅವನು ಇಲಾಖೆಗೆ ಹಿಂತಿರುಗಿಸದೆ ಉಳಿಸಿಕೊಂಡಿದ್ದ ಹಿತ್ತಾಳೆಯ ಶಿರಸ್ತ್ರಾಣ ಅಡುಗೆಮನೆಯಲ್ಲಿತ್ತು; ದೊಡ್ಡಮ್ಮ ಅದನ್ನು ಅಂಗಾತ ಇಟ್ಟು ಬೆಳ್ಳುಳ್ಳಿ ತುಂಬಿದ್ದಳು.

ರೈಲು ಬಿಡುವುದರಲ್ಲಿ ನಮ್ಮ ದೊಡ್ಡಪ್ಪನನ್ನು ಮೀರಿಸಿದವರು ಊರಲ್ಲಿ ಇರಲಿಲ್ಲ. ಅವನ ಬಾಯಲ್ಲಿ ಒಲೆಯ ಕಿಡಿ ಕಾಳ್ಗಿಚ್ಚಾಗುತ್ತಿತ್ತು, ಬಾವಿಗೆ ಬಿದ್ದ ಬೆಕ್ಕು ಹುಲಿಯ ಗಾತ್ರಕ್ಕೆ ಬೆಳೆಯುತ್ತಿತ್ತು. ಒಂದೇ ಕಥೆಯನ್ನು ಎರಡು ಸಲ ಹೇಳಿದರೆ ಎರಡನೇ ಸಲ ಮನೆಗೊಂದು ಮಹಡಿ ಹೆಚ್ಚಾಗಿರುತ್ತಿತ್ತು.

"ಬರ್ಕೋ," ಎಂದ, ಮೀಸೆ ನೀವಿಕೊಂಡು. "ಮೊದಮೊದಲು ನಮ್ಮ ದಳ ಅಂದ್ರೆ ಬಕೆಟ್ಟು."

"ಬಕೆಟ್ಟಾ?"

"ಕೆಂಪು ಬಣ್ಣದ ಬಕೆಟ್ಟು ಕಣೋ. ಒಳಗೆ ಮರಳು. ನಗರಸಭೆ ಜಗಲಿಯಲ್ಲಿ ಸಾಲಾಗಿ ನೇತು ಹಾಕಿದ್ರು. ಜನ ಬಂದು ಉಗಿಯೋರು, ಸಿಗರೇಟು ಚುಚ್ಚೋರು. ಒಂದು ದಿನ ಅದರಲ್ಲೇ ಹೊಗೆ ಬಂತು. ನಗರಸಭೇಲಿ ಆದ ಮೊದಲನೇ ಬೆಂಕಿ ಅನಾಹುತ ಅದೇ, ಬಕೆಟ್ಟಿನೊಳಗಿನದು."

"ಇದನ್ನ ಬರೀಲಾ?"

"ಬೇಡ. ಪಕ್ಕದ ಊರಿನೋರು ಓದಿದ್ರೆ ನಗ್ತಾರೆ. ಜಾಗೃತಿ ಮೂಡಿತು ಅಂತ ಬರಿ."

ಹೀಗೆ ನಾನು ಜಾಗೃತಿ ಮೂಡಿತು ಎಂದು ಬರೆದೆ. ಆಮೇಲೆ ಸಂತೆಬೀದಿಯ ಹುಲ್ಲಿನ ಬಣವೆ ಸುಟ್ಟಿತು. ಕೈಗಾಡಿಯ ಮೇಲೊಂದು ಪೀಪಾಯಿ ಬಂತು. ಬಟ್ಟೆ ಅಂಗಡಿ ಸುಟ್ಟಿತು. ಪೀಪಾಯಿಗೆ ಕೊಳವೆ ಬಂತು. ಸಾಮಿಲ್ಲು ಸುಟ್ಟಿತು, ಯಾವುದೋ ಸೈನ್ಯದವರು ಹರಾಜು ಹಾಕಿದ ಲಾರಿಯೊಂದಕ್ಕೆ ಕೆಂಪು ಬಳಿದು ತೊಟ್ಟಿ ಕೂರಿಸಿದರು, ಅದನ್ನು ಓಡಿಸಲು ದೊಡ್ಡಪ್ಪ ಬಂದ. ನಮ್ಮೂರಿನಲ್ಲಿ ಅಗ್ನಿಶಾಮಕ ದಳ ಬೆಂಕಿಯನ್ನು ಆರಿಸಿತೋ ಇಲ್ಲವೋ, ಬೆಂಕಿಯಂತೂ ದಳವನ್ನು ಕೈಹಿಡಿದು ಬೆಳೆಸಿತು. ಏನಾದರೂ ಹೊಸ ಸಲಕರಣೆ ಬೇಕಿದ್ದರೆ ಯಾರದಾದರೂ ಮನೆ ಸುಡಬೇಕಿತ್ತು. ಅದೂ ದೊಡ್ಡವರ ಮನೆಯಾದರೆ ಸಲಕರಣೆ ಬೇಗ ಬರುತ್ತಿತ್ತು.

ಆ ಲಾರಿಯ ಗುಣ ಕೇಳಬೇಡಿ. ಅದು ತಳ್ಳದೆ ಚಾಲೂ ಆಗುತ್ತಿರಲಿಲ್ಲ. ತೊಟ್ಟಿ ಸೋರುತ್ತಿತ್ತು. ಹೊರಟಾಗ ತುಂಬಿದ್ದ ನೀರು ತಲುಪುವಾಗ ಅರ್ಧವಾಗಿ, ಬೆಂಕಿ ಬಿದ್ದ ಮನೆಗೆ ದಾರಿ ಯಾವುದೆಂದು ರಸ್ತೆ ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಮಂತ್ರಿಗಳು ಬರುವ ದಿನ ಅದೇ ಲಾರಿಯಿಂದ ರಸ್ತೆಯ ಧೂಳಿಗೆ ನೀರು ಹಾಕುತ್ತಿದ್ದರು. ಉಳಿದ ದಿನಗಳಲ್ಲಿ ಆಗಿನ ಅಧ್ಯಕ್ಷರ ಮನೆಯ ಗುಲಾಬಿ ಗಿಡಗಳಿಗೆ.

"ಗುಲಾಬಿಗೆ ಬೆಂಕಿ ಬಿದ್ದ ದಾಖಲೆ ನಮ್ಮ ಸರ್ವಿಸ್ಸಿನಲ್ಲೇ ಇಲ್ಲ," ಎಂದು ದೊಡ್ಡಪ್ಪ ಹೆಮ್ಮೆಪಟ್ಟ.

ಇಷ್ಟೆಲ್ಲ ಪೀಠಿಕೆ. ಅವನ ಬತ್ತಳಿಕೆಯ ಬ್ರಹ್ಮಾಸ್ತ್ರವೆಂದರೆ ಟಾಕೀಸಿನ ಬೆಂಕಿ. ಅದನ್ನು ಹೇಳುವ ಮೊದಲು ಅವನು ದಿಂಬು ಸರಿಮಾಡಿಕೊಂಡು, ಅಡುಗೆಮನೆಯ ಕಡೆ ನೋಡಿ, ದೊಡ್ಡಮ್ಮನಿಗೆ ಕೇಳುವಷ್ಟು ದನಿ ಏರಿಸುತ್ತಿದ್ದ.

ಆಗ ಲಾರಿ ನಿಲ್ಲುತ್ತಿದ್ದುದು ರೈಲು ಹಳಿಯ ಆಚೆ, ನಗರಸಭೆಯ ಕಸದ ಗಾಡಿಗಳ ಶೆಡ್ಡಿನಲ್ಲಿ. ಊರೆಲ್ಲ ಹಳಿಯ ಈಚೆ. ನಡುವೆ ರೈಲ್ವೆ ಗೇಟು. ಹಳೇಪೇಟೆಯ ಟಾಕೀಸಿಗೆ ಬೆಂಕಿ ಬಿದ್ದ ಸಂಜೆ ಗೇಟು ಹಾಕಿತ್ತು. ಗೂಡ್ಸ್ ರೈಲೊಂದು ಹಿಂದೆ ಮುಂದೆ ಮಾಡುತ್ತ ಡಬ್ಬಿ ಜೋಡಿಸುತ್ತಿತ್ತು.

"ನಾನು ನೋಡಿದೆ," ದೊಡ್ಡಪ್ಪ ಕೈಯಲ್ಲಿ ಇಲ್ಲದ ಸ್ಟೇರಿಂಗು ಹಿಡಿದ. "ಅಲ್ಲಿ ಜನ ಸಾಯ್ತಿದಾರೆ, ಇಲ್ಲಿ ಗೇಟು. ರೈಲು ಹಿಂದಕ್ಕೆ ಹೋಗಿದ್ದೇ ತಡ, ಹಿಡ್ಕೊಳ್ರೋ ಅಂದೆ. ಗೇರು ಹಾಕ್ದೆ. ಧಡಾರ್! ಗೇಟು ಎರಡು ತುಂಡು. ಈಚೆ ಗೇಟು ಇನ್ನೆರಡು ತುಂಡು. ಲಾರಿ ಮೂತಿ ಜಜ್ಜಿಹೋಯ್ತು. ಆದರೂ ನಿಲ್ಲಿಸಲಿಲ್ಲ."

ಟಾಕೀಸಿನಲ್ಲಿ ಯಾರೂ ಸಾಯಲಿಲ್ಲ ಎಂಬುದು ನಿಜ. ಆದರೆ ಅದರ ಕೀರ್ತಿ ಸಿನಿಮಾಕ್ಕೆ ಸಲ್ಲಬೇಕು. ಅದು ಎಷ್ಟು ಕೆಟ್ಟದಾಗಿತ್ತೆಂದರೆ ಮಧ್ಯಂತರದ ಹೊತ್ತಿಗೆ ಬಹುಪಾಲು ಜನ ಎದ್ದು ಹೋಗಿದ್ದರಂತೆ.

ಸುಟ್ಟದ್ದು ಟಾಕೀಸು, ಮತ್ತು ಅದರ ಹಿಂಗೋಡೆಗೆ ಅಂಟಿಕೊಂಡಿದ್ದ ಟಿಕೆಟ್ ಕೊಡುವವನ ಮನೆ. ಆ ಟಿಕೆಟ್ ಕೊಡುವವನ ಮಗಳೇ ನಮ್ಮ ದೊಡ್ಡಮ್ಮ. ಅವಳು ಸುತ್ತಿದ ಹಾಸಿಗೆಯನ್ನೂ ಹೊಲಿಗೆ ಯಂತ್ರದ ತಲೆಯನ್ನೂ ತಬ್ಬಿಕೊಂಡು ರಸ್ತೆಯಲ್ಲಿ ನಿಂತಿದ್ದಾಗ ಲಾರಿ ಬಂತು, ಮುಖವೆಲ್ಲ ಇಂಜಿನ್ ಮಸಿಯಾದ ಒಬ್ಬ ತರುಣ ಧುಮುಕಿದ. "ಗೇಟು ಮುರ್ಕೊಂಡು ಬಂದೆ," ಅಂದ. ಅವಳು ಅವನಿಗೆ ಕುಡಿಯಲು ನೀರು ಕೊಟ್ಟಳು. ಆ ವರ್ಷವೇ ಮದುವೆಯಾಯಿತು.

"ಮನೆ ಹೋಯ್ತು, ಗಂಡ ಸಿಕ್ಕ," ಎಂದು ದೊಡ್ಡಮ್ಮ ಅಡುಗೆಮನೆಯಿಂದಲೇ ಲೆಕ್ಕ ಮುಗಿಸುತ್ತಿದ್ದಳು. "ಮನೆ ಸೋರ್ತಿತ್ತು. ಇವರೂ ಅಷ್ಟೇ."

ಆದರೆ ಗೇಟಿನ ಮಾತು ಬಂದಾಗ ಅವಳ ದನಿ ಬೇರೆಯಾಗುತ್ತಿತ್ತು. ಜಗಳದಲ್ಲಿ ಅವಳು ದೊಡ್ಡಪ್ಪನ ಜಂಬ, ಗೊರಕೆ, ಸೋಮಾರಿತನ ಎಲ್ಲವನ್ನೂ ಹರಾಜು ಹಾಕುತ್ತಿದ್ದಳು, ಗೇಟನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅವಳ ಪಾಲಿಗೆ ಹೆಮ್ಮೆ ಅಂತ ಇದ್ದದ್ದು ಅದೊಂದೇ. ಅಕ್ಕಪಕ್ಕದವರು ತಮ್ಮ ಗಂಡಂದಿರ ಬಗ್ಗೆ ಕೊಚ್ಚಿಕೊಂಡರೆ, "ನಮ್ಮೋರು ನನಗೋಸ್ಕರ ರೈಲ್ವೆ ಗೇಟು ಮುರಿದೋರು," ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಗೇಟು ಮುರಿದದ್ದರ ಫಲವಾಗಿ ಊರಿಗೆ ಒಂದು ಉಪಕಾರವೂ ಆಯಿತು. ಇಂಥ ಧೀರ ಡ್ರೈವರನ್ನು ಹಳಿಯ ಆಚೆ ಬಿಟ್ಟರೆ ದಿನಕ್ಕೊಂದು ಗೇಟು ಮುರಿದಾನೆಂದು ಹೆದರಿ, ನಗರಸಭೆಯವರು ಲಾರಿಯನ್ನು ಈಚೆಗೆ ತಂದು ಏರಿನ ಮೇಲೆ ಠಾಣೆ ಕಟ್ಟಿದರು. ಏರಿನ ಮೇಲೇ ಯಾಕೆಂದರೆ, ಇಳಿಜಾರಿಗೆ ಬಿಟ್ಟರೆ ಲಾರಿ ತಾನೇ ಚಾಲೂ ಆಗುತ್ತಿತ್ತು. ಊರಿನ ಚರಿತ್ರೆಯಲ್ಲಿ ತಲೆ ಉಪಯೋಗಿಸಿ ಮಾಡಿದ ಕೆಲಸ ಅದೊಂದೇ. ಅದೂ ಬ್ಯಾಟರಿ ಸತ್ತಿದ್ದರಿಂದ.

ಅಲ್ಲಿಂದ ಮುಂದೆ ದಳ ಬೆಳೆದದ್ದೇ ಬೆಳೆದದ್ದು. ಹೊಸ ಕೊಳವೆಗಿಂತ ಮೊದಲು ಸಮವಸ್ತ್ರ ಬಂತು. ಸಮವಸ್ತ್ರ ನೋಡಲು ಅಧಿಕಾರಿ ಬಂದರು. ಅಧಿಕಾರಿಗೆ ಜೀಪು ಬಂತು, ಜೀಪಿಗೆ ಶೆಡ್ಡು ಬಂತು. ಕೊನೆಗೆ ಎತ್ತರದ ಕಟ್ಟಡಗಳಿಗೆಂದು ಉದ್ದ ಏಣಿಯ ದೊಡ್ಡ ಗಾಡಿ ಬಂತು. ಊರಿನಲ್ಲಿ ಎರಡು ಮಹಡಿಗಿಂತ ಎತ್ತರ ಇದ್ದದ್ದು ನೀರಿನ ಟ್ಯಾಂಕು ಮಾತ್ರ. ಅದಕ್ಕೆ ಬೆಂಕಿ ಬೀಳುವ ಸಂಭವ ಕಡಿಮೆ. ಜೊತೆಗೆ ಆ ಗಾಡಿ ಹಳೆಯ ಠಾಣೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಜೀಪು ಒಳಗೆ, ಏಣಿ ಗಾಡಿ ಮರದ ಕೆಳಗೆ. ಕಾಗೆಗಳು ಏಣಿಯ ಮೇಲೆ ಕೂತು ತರಬೇತಿ ಪಡೆದವು.

ಬಾಗಿಲು ಚಿಕ್ಕದಾಯಿತೆಂಬ ಕಾರಣಕ್ಕೇ ಹೊಸ ಠಾಣೆ. ಬಾಗಿಲು ಒಡೆದು ಎತ್ತರಿಸಬಹುದಿತ್ತು. ಆದರೆ ಬಾಗಿಲಿಗೆ ಉದ್ಘಾಟನೆ ಮಾಡಲು ಬರುವುದಿಲ್ಲವಲ್ಲ. ನಗರಸಭೆಗೆ ಖಾಲಿ ಜಾಗ ಇದ್ದದ್ದು ಕಸದ ಗಾಡಿಗಳ ಹಳೆಯ ಶೆಡ್ಡಿದ್ದಲ್ಲಿ. ಅಂದರೆ ಹಳಿಯ ಆಚೆ. ಗೇಟು ಇದ್ದಲ್ಲೇ ಇತ್ತು; ರೈಲುಗಳು ಮಾತ್ರ ಮೊದಲಿಗಿಂತ ಹೆಚ್ಚಾಗಿದ್ದವು.

ನಾನು ಇದೆಲ್ಲವನ್ನೂ ಚೆನ್ನಾಗಿ ಬರೆದೆ. ಬಕೆಟ್ಟು ಜಾಗೃತಿಯಾಯಿತು, ಸೋರುವ ತೊಟ್ಟಿ ನಿರಂತರ ಸೇವೆಯಾಯಿತು. ಗೇಟು ಮುರಿದ ಪ್ರಸಂಗಕ್ಕೆ ಬಂದಾಗ ನನಗೇ ಮೈಮೇಲೆ ಬಂದಂತಾಗಿ, "ಸಿಡಿಲಿನಂತೆ", "ಪ್ರಾಣದ ಹಂಗು ತೊರೆದು", "ಕಬ್ಬಿಣವೂ ಕಂಪಿಸಿತು" ಎಂದೆಲ್ಲ ತುಂಬಿದೆ. ಖಾಯಂ ಆಗಬೇಕೆಂಬ ಆಸೆಯುಳ್ಳ ತಾತ್ಕಾಲಿಕ ನೌಕರನ ಕೈಗೆ ವಿಶೇಷಣಗಳನ್ನು ಕೊಡಬಾರದು.

ಪುಸ್ತಕ ಅಚ್ಚಾಗುವ ಹೊತ್ತಿಗೆ ಹಳೇಪೇಟೆಯವರು ಎಚ್ಚೆತ್ತುಕೊಂಡರು. ಎಲ್ಲ ಗಾಡಿಗಳೂ ಆಚೆ ಹೋದರೆ, ಗೇಟು ಹಾಕಿದಾಗ ನಮ್ಮ ಗತಿಯೇನು? ಹಳೆಯ ಠಾಣೆಯಲ್ಲಿ ಒಂದೇ ಒಂದು ಗಾಡಿ ಬಿಡಿ ಸಾಕು. ಇಷ್ಟೇ ಅವರ ಕೇಳಿಕೆ. ಅಂಗಡಿಯವರ ಮುಂದಾಳಾಗಿ ಹೊರಟವನು ನಮ್ಮ ದೊಡ್ಡಪ್ಪ.

ಊರಿನ ಮೇಲಿನ ಪ್ರೀತಿ ಎಂದುಕೊಳ್ಳಬೇಡಿ. ಅವನಿಗೆ ಹೆದರಿಕೆ ಇದ್ದದ್ದು ದೊಡ್ಡಮ್ಮನದು. ವಯಸ್ಸಾದಂತೆ ಅವಳಿಗೆ ಮರೆವು ಹೆಚ್ಚಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಪಕ್ಕದ ಮನೆಗೆ ಹೋದರೆ, ಹಾಲು ಉಕ್ಕಿ, ಪಾತ್ರೆ ಕಪ್ಪಾಗಿ, ಹೊಗೆ ಕಿಟಕಿಯಿಂದ ಬಂದು ಕರೆದಾಗಲೇ ಅವಳಿಗೆ ನೆನಪಾಗುವುದು. ಒಂದು ಸಲ ಪರದೆಗೆ ಹತ್ತಿಕೊಂಡಿತ್ತು. ಹುಲಿ ಗಾತ್ರದ ಬೆಕ್ಕನ್ನು ಬಾವಿಯಿಂದ ಎತ್ತಿದ ಧೀರ, ಆಗ ನಡುಮನೆಯಲ್ಲಿ ನಿಂತು ಗಂಟಲು ಹರಿಯುವಂತೆ ನನ್ನನ್ನು ಕೂಗಿದ್ದ. ಪರದೆ ಆರಿಸಿದ್ದು ನಾನು, ಪಾತ್ರೆ ತೊಳೆದ ನೀರಿನಿಂದ. ಅಂದಿನಿಂದ ಅವನು ಅಡುಗೆಮನೆ ಬಾಗಿಲ ಹಿಂದೆ ಒಂದು ಬಕೆಟ್ಟು ನೀರು ಇಡತೊಡಗಿದ. ದೊಡ್ಡಮ್ಮ ಅದರಲ್ಲಿ ನೆಲ ಒರೆಸತೊಡಗಿದಳು. ಕಿಟಕಿಯಿಂದ ಕಾಣುವ ಆ ಠಾಣೆಯೊಂದೇ ಅವನಿಗಿದ್ದ ಧೈರ್ಯ.

ಅಧ್ಯಕ್ಷರ ಕೋಣೆಯಲ್ಲಿ ನಾನು ಟೀ ಲೋಟಗಳ ಪಕ್ಕ ನಿಂತಿದ್ದೆ. ಅಂಗಡಿಯವರು ಮಾತು ಮುಗಿಸಿದರು. ಅಧ್ಯಕ್ಷರು ನಸುನಕ್ಕು, ಮೇಜಿನ ಮೇಲಿದ್ದ ನನ್ನ ಪುಸ್ತಕವನ್ನು ಎತ್ತಿಕೊಂಡರು.

"ಗೇಟು ಗೇಟು ಅಂತೀರಲ್ಲ, ಯಾರನ್ನ ಕರ್ಕೊಂಡು ಬಂದಿದೀರಿ ನೋಡ್ಕೊಳ್ಳಿ. ಗೇಟು ಮುರಿದ ಪುಣ್ಯಾತ್ಮರನ್ನೇ ಕರ್ಕೊಂಡು ಬಂದಿದೀರಿ! ಕೇಳಿ: 'ಸಿಡಿಲಿನಂತೆ ಎರಗಿದ ಆ ವಾಹನಕ್ಕೆ ಕಬ್ಬಿಣವೂ ಕಂಪಿಸಿತು.' ಆಹಾ! ಅದೂ ಎಂಥ ಗಾಡಿ? ತಳ್ಳಿದ್ರೆ ಓಡೋದು. ಈಗಿನ ಗಾಡಿ ಎಂಥದ್ದು! ಮನಸ್ಸಿದ್ದವನಿಗೆ ಗೇಟು ಯಾವ ಲೆಕ್ಕ? ಏನಂತೀರಿ ಯಜಮಾನ್ರೇ?"

ಎಲ್ಲರೂ ದೊಡ್ಡಪ್ಪನ ಕಡೆ ತಿರುಗಿದರು. ಹೊಗಳಿಕೆ ಕಿವಿಗೆ ಬಿದ್ದಾಗ ಎದೆ ತಾನಾಗಿ ಉಬ್ಬುವುದು ಅವನ ಹುಟ್ಟುಗುಣ. ಉಬ್ಬಿತು. ಅರ್ಧ ಉಬ್ಬಿದ ಮೇಲೆ ವಿಷಯ ತಿಳಿದು ಅಲ್ಲೇ ನಿಂತಿತು.

"ಅದು... ಆ ಕಾಲದ ಗೇಟು," ಎಂದ.

"ಈ ಕಾಲದ್ದು ಇನ್ನೂ ಟೊಳ್ಳು," ಎಂದರು ಅಧ್ಯಕ್ಷರು. "ಉದ್ಘಾಟನೆ ದಿನ ನೀವೇ ನಾಲ್ಕು ಮಾತಾಡಬೇಕು. ನಿಮಗೆ ಪದಕ ಬೇರೆ ಇದೆ. ಈ ಗೇಟಿನ ಭಯ ಜನರ ತಲೆಯಿಂದ ಹೋಗಲಿ. ನೀವು ಹೇಳಿಬಿಟ್ರೆ ಈ ಗಾಡಿ ವಿಷಯ ಅಲ್ಲಿಗೇ ಮುಗೀತು, ಯಾರೂ ತುಟಿಪಿಟಕ್ ಅನ್ನಲ್ಲ."

ಮನೆಗೆ ಬರುವ ದಾರಿಯಲ್ಲಿ ದೊಡ್ಡಪ್ಪ ಏರಿನ ಬುಡದಲ್ಲಿ ನಿಂತು ಉಸಿರು ತೆಗೆದುಕೊಂಡ.

"ಲೋ, ಆ ಗೇಟಿನ ವಿಷಯ ಪುಸ್ತಕದಿಂದ ತೆಗೆಯೋಕಾಗುತ್ತಾ?"

"ಅಚ್ಚಾಗಿ ಬಂದಿದೆಯಲ್ಲ ದೊಡ್ಡಪ್ಪ. ಯಾಕೆ, ಸುಳ್ಳಾ?"

"ಸುಳ್ಳು ಅಂತ ಯಾವನು ಹೇಳಿದ್ದು?"

"ಮತ್ತೆ?"

"ನೀನು ಬಹಳ ಜೋರಾಗಿ ಬರ್ದಿದೀಯ. ಕಬ್ಬಿಣ ಕಂಪಿಸಿತು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

"ಹಾಗಾದ್ರೆ ಕಂಪಿಸಲಿಲ್ವಾ?"

"ಥೂ, ಹೋಗೋ ಅತ್ಲಾಗೆ." ಎರಡು ಹೆಜ್ಜೆ ಏರು ಹತ್ತಿ, ನನ್ನ ಮುಖ ನೋಡದೆ ಹೇಳಿದ. "ಲಾರಿ ಮೂತಿ ಜಜ್ಜಿದ್ದು ಶೆಡ್ಡಿನ ಗೋಡೆಗೆ. ನಿಮ್ಮ ದೊಡ್ಡಮ್ಮನ ಹತ್ರ ಬಾಯಿ ಬಿಟ್ಟೀಯೆ."

ಎಷ್ಟು ದಡ್ಡನಾದರೂ ನನಗೆ ಇಷ್ಟು ಸಾಕಿತ್ತು. ಗೇಟು ಮುರಿದೆ ಎಂದರೆ ಹಳೇಪೇಟೆಗೆ ಗಾಡಿ ಇಲ್ಲ, ಒಲೆ ಮರೆಯುವ ಹೆಂಡತಿಗೆ ಕಾವಲಿಲ್ಲ. ಮುರಿಯಲಿಲ್ಲ ಎಂದರೆ ಗಾಡಿ ಉಳಿಯಬಹುದು, ಆದರೆ ಆ ಹೆಂಡತಿಯ ಮುಂದೆ ಅವನು ಬರೀ ಗೊರಕೆ ಹೊಡೆಯುವ ಮುದುಕನಾಗಿ ಉಳಿಯುತ್ತಾನೆ. ಜೀವನವೆಲ್ಲ ಬೇರೆಯವರ ಮನೆಯ ಬೆಂಕಿಗೆ ತಡವಾಗಿ ಹೋದವನಿಗೆ ಈಗ ತನ್ನ ಮನೆಗೇ ಹತ್ತಿಕೊಂಡಿತ್ತು.

ನಾನು ಆಗ ಏನಾದರೂ ಹೇಳಬಹುದಿತ್ತು. ಹೇಳಿದೆ ಕೂಡ. "ಆಗಲಿ ದೊಡ್ಡಪ್ಪ," ಎಂದೆ.

ಉದ್ಘಾಟನೆಯ ದಿನ ಹಳೇಪೇಟೆಯ ಜನರನ್ನು ಕರೆದೊಯ್ಯಲು ನಗರಸಭೆ ಬಸ್ಸು ಮಾಡಿತ್ತು. ಮುಂದೆ ಅಧ್ಯಕ್ಷರ ಕಾರು, ಅದರ ಹಿಂದೆ ಅಧಿಕಾರಿಯ ಜೀಪು, ಆಮೇಲೆ ತೊಳೆದು ಒರೆಸಿದ ಏಣಿ ಗಾಡಿ, ಅದರ ಹಿಂದೆ ನಮ್ಮ ಬಸ್ಸು. ಮೆರವಣಿಗೆ ಬಹಳ ಗಂಭೀರವಾಗಿ ಹೊರಟು, ಬಹಳ ಗಂಭೀರವಾಗಿ ರೈಲ್ವೆ ಗೇಟಿನ ಮುಂದೆ ನಿಂತಿತು. ಗೇಟು ಹಾಕಿತ್ತು. ಗೂಡ್ಸ್ ರೈಲೊಂದು ಹಿಂದೆ ಹೋಯಿತು, ಮುಂದೆ ಬಂತು, ಏನೋ ಮರೆತಂತೆ ಮತ್ತೆ ಹಿಂದೆ ಹೋಯಿತು. ಅಧ್ಯಕ್ಷರು ಕಾರಿನಿಂದ ತಲೆ ಹೊರಗೆ ಹಾಕಿ ಗೇಟಿನವನಿಗೆ, "ಯಾರಿದೀವಿ ಗೊತ್ತೇನಯ್ಯಾ?" ಎಂದರು. ಗೇಟಿನವನು ಗೊತ್ತೆಂಬಂತೆ ಕೈಮುಗಿದು, ಹೋಗಿ ತನ್ನ ಸ್ಟೂಲಿನ ಮೇಲೆ ಕೂತ. ಏಣಿ ಗಾಡಿಯ ತರುಣ ಡ್ರೈವರ್ ಸೈರನ್ ಹಾಕಿದ. ರೈಲು ಅದಕ್ಕೆ ಉತ್ತರವಾಗಿ ತಾನೂ ಕೂಗಿತು. ಅಷ್ಟೆ.

"ಮುರಿಯೋ, ಮುರ್ಕೊಂಡು ಹೋಗೋ!" ಬಸ್ಸಿನಲ್ಲಿ ಯಾರೋ ಕೂಗಿದರು. ಎಲ್ಲರೂ ನಕ್ಕರು. ಕೆಲವರು ದೊಡ್ಡಪ್ಪನ ಕಡೆ ನೋಡಿ ನಕ್ಕರು.

ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬೆಳ್ಳುಳ್ಳಿ ವಾಸನೆಯ ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಿಟಕಿಯ ಪಕ್ಕ ದೊಡ್ಡಮ್ಮ. ವಠಾರದಿಂದ ಅಂಗಡಿ, ಅಂಗಡಿಯಿಂದ ವಠಾರ ಎಂದು ಬದುಕಿದವಳಿಗೆ ಗೇಟನ್ನು ಇಷ್ಟು ಹತ್ತಿರದಿಂದ ನೋಡುವ ಸಂದರ್ಭ ಬಂದೇ ಇರಲಿಲ್ಲ.

"ರೀ, ಇದೇ ಗೇಟಾ?"

"ಹ್ಞೂಂ."

"ಆಗಲೂ ಹೀಗೇ ಇತ್ತಾ?"

"ಹೆಚ್ಚುಕಮ್ಮಿ."

ದೊಡ್ಡಮ್ಮ ತರಕಾರಿ ಆರಿಸುವಾಗ ನೋಡುವಂತೆ ಗೇಟನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಭಾರಿ ದಪ್ಪ ಇದೆಯಲ್ರೀ," ಎಂದಳು.

ದೊಡ್ಡಪ್ಪ ಶಿರಸ್ತ್ರಾಣದ ಒಳಗೆ ಏನೋ ಹುಡುಕತೊಡಗಿದ. ಒಂದು ಬೆಳ್ಳುಳ್ಳಿ ಎಸಳು ಸಿಕ್ಕಿತು. ಅದನ್ನು ಕಿಟಕಿಯಿಂದ ಎಸೆದ.

ಹೊಸ ಠಾಣೆಯ ಬಾಗಿಲು ನಿಜಕ್ಕೂ ಎತ್ತರವಾಗಿತ್ತು. ನುಣುಪು ಕಲ್ಲಿನ ನೆಲ, ಅದರ ಮೇಲೆ ಒದ್ದೆ ಬೂಟು ಜಾರುತ್ತದೆಂದು ಸಿಬ್ಬಂದಿಗೆ ಅಂದು ಚಪ್ಪಲಿ. ಟೇಪು ಕತ್ತರಿಸಿದರು. ಕತ್ತರಿ ಮೊಂಡಾಗಿದ್ದರಿಂದ ಕೊನೆಗೆ ಕಿತ್ತರು. ಅಧ್ಯಕ್ಷರು ಮಾತಿಗೆ ನಿಂತು, ಅಭಿವೃದ್ಧಿ, ಮುನ್ನೋಟ, ಮೂಲಸೌಕರ್ಯ ಎಂದು ಒಂದು ಸುತ್ತು ಹೊಡೆದು ವಿಷಯಕ್ಕೆ ಬಂದರು.

"ಕೆಲವರು ಒಂದು ಗಾಡಿ ಆಚೆ ಬಿಡಿ ಅಂತ ಹಟ ಹಿಡಿದಿದಾರೆ. ಗೇಟಿದೆಯಂತೆ! ನಾನು ಏನೂ ಹೇಳಲ್ಲ. ಈ ಗೇಟನ್ನ ಮುರಿದು ಟಾಕೀಸಿಗೆ ನುಗ್ಗಿದ ವೀರರು ಇಲ್ಲೇ ಇದಾರೆ. ಅವರೇ ಹೇಳಲಿ. ಅವರು ಹೇಳಿದ್ದೇ ಕೊನೇ ಮಾತು, ನಾನೂ ಅದಕ್ಕೆ ಬದ್ಧ. ಬನ್ನಿ ಹಿರಿಯರೇ."

ಇಡೀ ಸಭೆಯ ಎದುರಿಗೆ ಬದ್ಧರಾಗಿಬಿಟ್ಟರು. ಅಷ್ಟು ನಂಬಿಕೆ ಅವರಿಗೆ ದೊಡ್ಡಪ್ಪನ ಜಂಬದ ಮೇಲೆ. ನನ್ನ ವಿಶೇಷಣಗಳ ಮೇಲೂ ಇರಬೇಕು.

ದೊಡ್ಡಪ್ಪ ಮೆಟ್ಟಿಲು ಹತ್ತಿದ. ಪದಕ ಹಾಕಿಸಿಕೊಂಡ. ಮೈಕು ಹಿಡಿದದ್ದೇ ತಡ, ಹಳೆಯ ಚಾಳಿ ಎದ್ದು ಕೂತಿತು. ಎಡಗೈ ತಾನಾಗಿಯೇ ಇಲ್ಲದ ಸ್ಟೇರಿಂಗಿಗೆ ಹೋಯಿತು.

"ಅವತ್ತು ಸಂಜೆ," ಎಂದು ಶುರು ಮಾಡಿದ. ದನಿ ಗಟ್ಟಿಯಾಗಿಯೇ ಇತ್ತು. "ಆ ಕಡೆ ಬೆಂಕಿ, ಈ ಕಡೆ ನಾನು. ನಡುವೆ ಗೇಟು. ರೈಲು ಹಿಂದಕ್ಕೆ ಹೋಯ್ತು. ಹಿಡ್ಕೊಳ್ರೋ ಅಂದೆ..."

ಸಭೆ ಕಿವಿ ನಿಮಿರಿಸಿತು. ಅಧ್ಯಕ್ಷರು ಚಪ್ಪಾಳೆಗೆ ಕೈ ಎತ್ತಿಟ್ಟುಕೊಂಡಿದ್ದರು. ಹಳೇಪೇಟೆಯ ಅಂಗಡಿಯವರು ತಲೆ ತಗ್ಗಿಸಿದರು. ನಾನಂತೂ ಚಪ್ಪಲಿಯ ಉಂಗುಟ ನೋಡುತ್ತಿದ್ದೆ.

"ರೀ, ಒಂದು ನಿಮಿಷ."

ಎರಡನೇ ಸಾಲಿನಲ್ಲಿ ದೊಡ್ಡಮ್ಮ ಎದ್ದು ನಿಂತಿದ್ದಳು. ಅವಳಿಗೆ ಮೈಕು ಬೇಕಿರಲಿಲ್ಲ. ಒಲೆಯ ಮುಂದಿನಿಂದ ಬೀದಿಗೆ ಕೇಳುವಂತೆ ಮಾತಾಡಿ ಅಭ್ಯಾಸವಾದ ಗಂಟಲು.

"ಕೂತ್ಕೊಳೇ," ದೊಡ್ಡಪ್ಪ ಮೈಕಿನಲ್ಲೇ ಹೇಳಿದ. "ಮನೇಲಿ ಮಾತಾಡೋಣ."

"ಮನೇಲಿ ಇಷ್ಟು ವರ್ಷ ಕೇಳಲಿಲ್ಲ. ಇವತ್ತು ಗೇಟು ನೋಡಿದ ಮೇಲೆ ತಲೆಗೆ ಬಂತು, ಕೇಳ್ತಿದೀನಿ. ನಮ್ಮಪ್ಪ ಅವತ್ತು ಬಕೆಟ್ಟಿನಲ್ಲಿ ನೀರು ಹೊತ್ತು ಹೊತ್ತು ಸಾಕಾಗಿ ರಸ್ತೆಯಲ್ಲಿ ಕೂತುಬಿಟ್ಟಿದ್ರು. ಚಾವಣಿ ಬಿದ್ದಾಗಿತ್ತು. ಗೋಡೆ ಬಿದ್ದಾಗಿತ್ತು. ಉರಿಯೋಕೆ ಏನೂ ಉಳಿದಿರಲಿಲ್ಲ, ಆಮೇಲೆ ನೀವು ಬಂದ್ರಿ. ಬಂದು ಬೂದಿಗೆ ನೀರು ಹೊಡೆದ್ರಿ." ಅವಳು ಉಸಿರು ತೆಗೆದುಕೊಂಡಳು. "ಗೇಟು ಮುರ್ಕೊಂಡು ಬಂದಿದ್ರೆ ಅಷ್ಟು ಹೊತ್ತು ಯಾಕ್ರೀ ಆಯ್ತು? ಮುರಿದ್ರೋ ಇಲ್ವೋ?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಅಧ್ಯಕ್ಷರು, "ಅಮ್ಮಾ, ಆಮೇಲೆ ಪ್ರಶ್ನೋತ್ತರ ಇಟ್ಕೊಳ್ಳೋಣ," ಎಂದರು. ಅವರ ಕಡೆ ಯಾರೂ ತಿರುಗಲಿಲ್ಲ. ದೊಡ್ಡಪ್ಪ ಮೈಕನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಹಳಿಯ ಆಚೆಗಿದ್ದ ಪೇಟೆಯ ಮಾಡುಗಳತ್ತ ಒಮ್ಮೆ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಸ್ಟೇರಿಂಗು ಹಿಡಿದಿದ್ದ ಎಡಗೈ ನಿಧಾನವಾಗಿ ಕೆಳಗಿಳಿಯಿತು.

"ಹಾಲು ಇಳಿಸಿ ಬಂದಿದೀಯಾ?" ಎಂದು ಕೇಳಿದ.

ದೊಡ್ಡಮ್ಮ ಬಾಯಿ ತೆರೆದಳು. ಯೋಚಿಸಿದಳು. "ನೆನಪಿಲ್ಲ," ಎಂದಳು. "ಅದಿರಲಿ, ಕೇಳಿದ್ದಕ್ಕೆ ಹೇಳಿ. ಮುರಿದ್ರಾ?"

"ಇಲ್ಲ ಕಣೇ. ಗೇಟಿನ ಈ ಕಡೆ ನಿಂತು ಸಿಗರೇಟು ಸೇದ್ತಿದ್ದೆ. ನಿಮ್ಮ ಮನೆ ಉರಿಯೋದು ಇಲ್ಲಿಂದ ಚೆನ್ನಾಗಿ ಕಾಣ್ತಿತ್ತು. ಇವತ್ತು ಉರಿದ್ರೂ ಇಲ್ಲಿಂದ ಅಷ್ಟೇ ಚೆನ್ನಾಗಿ ಕಾಣುತ್ತೆ."